ಬಾಳವ್ವನ ಹೆಪ್ಪು

“ಗುರುಗಳೇ, ಹೋದವರ ನೆನಪನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನ ತಂದೆ ತೀರಿಕೊಂಡು ವರುಷವಾಗಿತ್ತು. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಮುಖ ಬಂದು ನಿಲ್ಲುತ್ತಿತ್ತು. ಈಗ ಮುಖ ಬಂದರೆ ದನಿ ಬರುವುದಿಲ್ಲ, ದನಿ ಬಂದರೆ ಮುಖ ಬರುವುದಿಲ್ಲ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. “ಕೂತುಕೊ. ಇದೇ ಹೊಳೆಯ ದಂಡೆಯಲ್ಲಿ ಒಬ್ಬ ಮನುಷ್ಯ ಇದ್ದ,” ಎಂದು ಕತೆ ತೆಗೆದರು.

ಅವನ ಹೆಸರು ಲಗಮಪ್ಪ. ಕೃಷ್ಣೆಯ ಮೇಲುಗಡೆ, ಕಬ್ಬು ಬೆಳೆಯುವ ಒಂದು ಊರಿನವನು. ತಂದೆತಾಯಿ ಇಲ್ಲದ ಅವನನ್ನು ಅಕ್ಕ ಬಾಳವ್ವ ಸಾಕಿದಳು. ಆಕೆಗೆ ಇದ್ದದ್ದು ಒಂದು ಎಮ್ಮೆ, ಒಂದು ಒಲೆ, ಈ ಒಬ್ಬ ತಮ್ಮ. ತಮ್ಮನೋ ಮೂರನೇ ಇಯತ್ತೆಗೇ ಸಾಲಿಗೆ ಶರಣು ಹೊಡೆದವನು. ಕಾಲು ಒಂದು ಕಡೆ ನಿಲ್ಲದು. ಹಾದಿಯಲ್ಲಿ ಗಾಡಿ ಕಂಡರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮೊದಲೇ ಹತ್ತಿ ಕೂಡುವನು, ಕೇಳುವುದು ಆಮೇಲೆ.

ಬಾಳವ್ವ ಹಾಕಿದ ಮೊಸರಿನ ಹೆಸರು ಊರಿಗೆಲ್ಲ ಗೊತ್ತಿತ್ತು. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು. ಹುಳಿ ಇತ್ತು, ಹಲ್ಲು ಜುಮ್ಮೆನ್ನಿಸದೆ ಗಂಟಲಿನವರೆಗೆ ತಣ್ಣಗೆ ಇಳಿಯುವ ಹುಳಿ. ಲಗಮಪ್ಪ ಎಷ್ಟು ದೂರ ಹೋದರೂ ಸಂಜೆಗೆ ಮನೆ ಮುಟ್ಟುತ್ತಿದ್ದುದು ಆ ಮೊಸರಿಗಾಗಿ ಎಂದು ಜನ ನಗುತ್ತಿದ್ದರು.

ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವನು ಹೆಗಲಿಗೆ ಟವೆಲು ಹಾಕಿಕೊಂಡ. “ಸಂಜಿಗೆ ಬರ್ತೀನಿ. ಮೊಸರ ಇಟ್ಟಿರು,” ಎಂದ. ಹೋಗಿ ಬೆಲ್ಲದ ಗಾಡಿ ಹತ್ತಿದ. ಆ ಗಾಡಿ ಇಳಿದವನು ಇನ್ನೊಂದು ಹತ್ತಿದ. ಅವನ ಸಂಜೆ ಬರಲು ಇಪ್ಪತ್ತು ವರುಷ ಹಿಡಿಯಿತು.

ಈ ಇಪ್ಪತ್ತು ವರುಷ ಅವನು ಎತ್ತು ಹೊಡೆದ, ಮೂಟೆ ಹೊತ್ತ, ಡೇರೆ ಕಟ್ಟಿದ, ಬಿಚ್ಚಿದ. ಎಲ್ಲಿ ಉಂಡರೂ ಕೊನೆಗೆ ಮೊಸರು ಕೇಳುತ್ತಿದ್ದ. ಬೆರಳು ನೆಕ್ಕಿ, “ಇದಲ್ಲ,” ಎನ್ನುತ್ತಿದ್ದ. ಮುಂದಿನ ಸುಗ್ಗಿಗೆ ಊರಿಗೆ ಹೋಗಬೇಕು ಎಂದುಕೊಳ್ಳುತ್ತಿದ್ದ. ಸುಗ್ಗಿ ಬರುತ್ತಿತ್ತು, ಹೋಗುತ್ತಿತ್ತು. ಖಾಲಿ ಕೈಯಲ್ಲಿ ಹೋದರೆ ಅಕ್ಕ ಏನೆಂದಾಳು ಎಂಬ ನಾಚಿಕೆ ಒಂದು. ಅಕ್ಕ ಏನೂ ಅನ್ನುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಾಚಿಕೆ.

ಕೊನೆಗೊಂದು ದಿನ ಅವನು ಊರಿಗೆ ಬಂದ. ಮನೆಯ ಜಾಗದಲ್ಲಿ ಎರಡು ಗೋಡೆ ನಿಂತಿದ್ದವು. ಪಕ್ಕದ ಮನೆಯ ಗಂಗವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು.

“ಯಾರಪಾ ನೀ?”

“ನಾ ಲಗಮ. ಬಾಳಕ್ಕನ ತಮ್ಮ.”

ಗಂಗವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊಸರ ಉಣ್ಣಾಕ ಬಂದಿ? ಭಾಳ ಲಗೂ ಬಂದಿ ಬಿಡು. ನಿಮ್ಮಕ್ಕ ಹೋಗಿ ನಾಕ ವರ್ಷ ಆತು.”

ಲಗಮಪ್ಪ ಅಲ್ಲೇ ನೆಲದ ಮೇಲೆ ಕೂತ. ಮುದುಕಿಗೆ ಅಂದದ್ದು ಹೆಚ್ಚಾಯಿತು ಅನ್ನಿಸಿತು. ಎದ್ದು ನೀರು ಕೊಟ್ಟಳು. ಒಂದು ತಾಟಿನಲ್ಲಿ ಗೋದಿ, ಬೆಲ್ಲದ ಮಾದಲಿ ಹಾಕಿ, ಮೇಲೆ ಹಾಲು ಸುರಿದು ಮುಂದಿಟ್ಟಳು. ಅವನು ಅದರಲ್ಲಿ ಬೆರಳಾಡಿಸಿದ, ಉಣ್ಣಲಿಲ್ಲ.

“ಆಕೀ ಗಡಿಗಿ ಎಲ್ಲೈತಿ?” ಎಂದು ಕೇಳಿದ.

“ನಾನ ಚೆಲ್ಲೀನಿ, ಈ ಕೈಯಿಂದನ. ಸಾವಿನ ಮನಿ ಮೊಸರು ಇಡತಾರೇನು? ತಿರುಗಿ ಹೆಪ್ಪು ಹಾಕೋರರೆ ಆ ಮನ್ಯಾಗ ಯಾರಿದ್ದರು?”

ಆ ದಂಡೆಯ ಊರುಗಳಲ್ಲಿ ಒಂದು ನಡಾವಳಿ ಇತ್ತು. ಮನೆಯಲ್ಲಿ ಸಾವಾದರೆ ಒಲೆ ಆರಿಸಿ, ಮಾಡಿದ ಅಡುಗೆಯ ಜೊತೆ ಮೊಸರಿನ ಗಡಿಗೆಯನ್ನೂ ಹೊರಗೆ ಚೆಲ್ಲುತ್ತಿದ್ದರು. ಸೂತಕ ಕಳೆದು ಮತ್ತೆ ಹಾಲು ಕಾಸಿದಾಗ ಹೆಪ್ಪಿಗೆ ಸಿಕ್ಕವರ ಮನೆಗೆ ಹೋಗುವಂತಿರಲಿಲ್ಲ. ಹಿಂದೆ ತಾವು ಯಾರಿಗೆ ಹೆಪ್ಪು ಕೊಟ್ಟಿದ್ದರೋ ಅವರ ಮನೆಯಿಂದಲೇ ಅದು ತಿರುಗಿ ಬರಬೇಕು. ಹಾಗಾಗಿ ಹೆಪ್ಪು ಕೇಳಿದವರಿಗೆ ಯಾವ ಹೆಂಗಸೂ ಇಲ್ಲವೆನ್ನುತ್ತಿರಲಿಲ್ಲ. ಕೊಟ್ಟ ಹೆಪ್ಪೇ ಇಟ್ಟ ಹೆಪ್ಪು ಎನ್ನುವರು.

ಲಗಮಪ್ಪನಿಗೆ ಈ ಮಾತು ಗೊತ್ತಿತ್ತು. ಈಗ ನೆನಪಾಯಿತು. “ಅಕ್ಕ ಯಾರಿಗೆ ಕೊಟ್ಟಿದ್ದಳು?” ಎಂದ.

“ನನಗ ಕೊಟ್ಟಿದ್ದಳು. ನನ್ನ ಎಮ್ಮಿ ಬತ್ತಿದ ವರ್ಷ ಅದು ಹೋತು. ನನ್ನ ಮಗಳು ಲಕ್ಕವ್ವ ಗಂಡನ ಮನಿಗೆ ಹೋಗುವಾಗ ಒಯ್ದಿದ್ದಳು. ಮಗ್ಗದ ಊರಾಗ ಅದಾಳ. ಕೇಳಿ ನೋಡು.”

ಅಂದರೆ ಅಕ್ಕನ ಮೊಸರು ಇನ್ನೂ ಎಲ್ಲೋ ಇರಬಹುದು. ಒಂದೇ ಒಂದು ಸಲ ಅದನ್ನು ಉಂಡರೆ ಸಾಕು. ಇಲ್ಲ, ಈ ಒಲೆಗೇ ತಿರುಗಿ ತಂದರೆ ಸಾಕು ಎಂದು ಲಗಮಪ್ಪನಿಗೆ ಅನ್ನಿಸಿತು. ಆ ಎರಡು ಗೋಡೆಗೆ ಸೂರು ಹೊದಿಸುತ್ತೇನೆ, ಒಂದು ಎಮ್ಮೆ ಕಟ್ಟುತ್ತೇನೆ, ಅಕ್ಕನ ಹೆಪ್ಪು ಹಾಕುತ್ತೇನೆ. ಇಷ್ಟು ಮಾಡಿದರೆ ಆ ಬೆಳಿಗ್ಗೆ ಹೇಳಿ ಹೋದ ಮಾತು ಉಳಿಯುತ್ತದೆ. ಅವನು ಎದ್ದು ಹೊಳೆಗುಂಟ ಇಳಿದು ನಡೆದ.

ಮಗ್ಗದ ಊರಿನಲ್ಲಿ ಲಕ್ಕವ್ವ ನೂಲು ಸುತ್ತುತ್ತಿದ್ದಳು. ತವರಿನ ಕಡೆಯವನು ಬಂದನೆಂದು ಬಿಸಿ ರೊಟ್ಟಿ ಬಡಿದಳು, ಕೆಂಪು ಮೆಣಸಿನಕಾಯಿ ಹಿಂಡಿಯ ಮೇಲೆ ಎಣ್ಣೆ ಬಿಟ್ಟಳು. ಅವನು ಉಂಡ. ಉಂಡದ್ದು ಏನು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಣ್ಣೆಲ್ಲ ಸೂರಿಗೆ ತೂಗಿದ್ದ ನೆಲುವಿನ ಗಡಿಗೆಯ ಕಡೆ.

“ಅದು ನಮ್ಮತ್ತೀದು, ಕಾಕಾ. ಒಂದ ಒಲಿಗೆ ಎರಡ ಹೆಪ್ಪು ಇರಬಾರದು ಅಂತ ನಂದು ಬಳಿಗಾರ ಹುಸೇನಬಿಗೆ ಕೊಟ್ಟೆ. ಆಕೀ ಊರು ಇಲ್ಲಿಂದ ಮೂರ ದಿನದ ಹಾದಿ.”

“ಆಕೀ ಹತ್ರ ಇನ್ನೂ ಇರತೈತೇನು? ಹೆಂಗ ಹಾಕ್ತಾಳ? ಎಮ್ಮೀ ಹಾಲಿಗೋ, ಆಕಳ ಹಾಲಿಗೋ?”

ಲಕ್ಕವ್ವನಿಗೆ ನಗು ಬಂತು. “ನನ್ನ ನೋಡಾಕ ಬಂದ ಬೀಗರೂ ಇಷ್ಟ ವಿಚಾರಿಸಿರಲಿಲ್ಲ. ಮೊಸರಿನ ಕುಲ ಕೇಳೋರನ್ನ ಇವತ್ತ ನೋಡಿದೆ.”

ಹುಸೇನಬಿಯ ಊರು ಹೊಳೆಯ ಮರಳಿಗೆ ಅಂಟಿಕೊಂಡಿತ್ತು. ನೀರು ಇಳಿದ ಮೇಲೆ ಜನ ಆ ಮರಳಿನಲ್ಲಿ ಬದನೆ, ಸೌತೆ ಬೆಳೆಯುತ್ತಿದ್ದರು. ಅವಳು ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹಸಿ ಉಳ್ಳಾಗಡ್ಡಿ ಹಾಕಿ ಕಿವುಚಿ ಅವನ ತಾಟಿಗೆ ಇಟ್ಟಳು. ಊರಿನ ಬದನೆಕಾಯಿ ತಿನ್ನಲು ದೂರದಿಂದ ಜನ ಬರುತ್ತಿದ್ದರು. ಲಗಮಪ್ಪ, “ಮೊಸರು?” ಎಂದ.

“ಮೊಸರ ಇಲ್ಲ, ಭಾಯಿ. ಎರಡ ತಿಂಗಳ ತಿರುಗಾಟಕ್ಕ ಹೋಗಿದ್ದೆ, ಬರೋದರಾಗ ಗಡಿಗಿ ಒಣಗಿತ್ತು. ನಡುಗಡ್ಡಿ ಹುಲಿಗೆಮ್ಮಗ ಕೊಟ್ಟಿದ್ದೆ, ಬಳಿ ಇಡಾಕ ಹೋದಾಗ. ಹೋಗಿ ತಿರುಗಿ ತರಬೇಕು ಅಂತೀನಿ, ಮೊಣಕಾಲು ಬ್ಯಾಡ ಅಂತಾವ.”

“ಮತ್ಯಾರಿಗೂ ಕೊಟ್ಟಿಲ್ಲೇನು?”

“ಕೊಟ್ಟಿರಬೇಕು. ಕೇಳಿದೋರಿಗೆ ಕೊಟ್ಟೀನಿ. ನೆನಪಿಟ್ಟು ಕೊಡಾಕ ಅದೇನು ಬಂಗಾರ?” ಎಂದಳು ಹುಸೇನಬಿ. ಹೊರಡುವಾಗ ಕೂಗಿ ಹೇಳಿದಳು. “ಸಿಕ್ಕರ ಬರುವಾಗ ನನಗೂ ಒಂದ ಚಮಚ ತಾ. ಮರೀಬ್ಯಾಡ.”

“ತರ್ತೀನಿ,” ಎಂದ ಲಗಮಪ್ಪ.

ಅಲ್ಲಿಂದ ಮುಂದೆ ಹೊಳೆ ಅಗಲವಾಯಿತು, ಮಾತಿನ ರಾಗ ಬೇರೆಯಾಯಿತು. ಊರೂರಿಗೂ ತಾಟು ಬದಲಾಗುತ್ತಿತ್ತು. ಒಂದೂರಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಟ್ಟರು. ಮೀನು ಹಿಡಿಯುವವರ ಒಂದು ಕೇರಿಯಲ್ಲಿ ಮೀನಿನ ಸಾರಿಗೆ ಬಿಸಿ ನುಚ್ಚು ಹಾಕಿ ಕೈಗೆ ಕೊಟ್ಟರು. ಮೇಲುಗಡೆಯಿಂದ ಬಂದವನು ಎಂದು ಎಲ್ಲೂ ಬಾಗಿಲು ಹಾಕಲಿಲ್ಲ. ಅವನು ಎಲ್ಲರ ಅನ್ನವನ್ನೂ ಹಾದಿಯ ಧೂಳಿನಂತೆ ಒರೆಸಿಕೊಂಡು ಮುಂದೆ ಹೋದ. ನಾಲಿಗೆಯನ್ನು ಅಕ್ಕನಿಗೆ ಮೀಸಲಿಟ್ಟಿದ್ದ.

ಮೂರನೆಯ ದಿನ ನಡುಗಡ್ಡೆ ಕಂಡಿತು. ಹೊಳೆಯ ಒಡಲಲ್ಲಿ ಒಂದೇ ಗುಡಿಸಲು. ಕೂಗಿದ ಮೇಲೆ ಹುಲಿಗೆಮ್ಮ ತಾನೇ ಹರಿಗೋಲು ಹಾಕಿಕೊಂಡು ಬಂದಳು. ಗಂಡ ಹಾಸಿಗೆ ಹಿಡಿದು ವರುಷವಾಗಿತ್ತು. ಹುಟ್ಟು ಈಗ ಅವಳ ಕೈಯಲ್ಲಿತ್ತು.

“ಮೊಸರಿಗೆ ಇಷ್ಟ ದೂರ ಬಂದಿಯಾ?” ಎಂದಳು. “ನಮ್ಮ ಮುದುಕ ಒಳಗ ಮಲಗಿದಲ್ಲಿಂದ ಹೊರಗ ಬರಾಕ ಒಲ್ಲೆ ಅಂತಾನ. ನೋಡು, ಒಬ್ಬೊಬ್ಬರ ಕಾಲು ಒಂದೊಂದು ನಮೂನಿ.”

ಒಂದು ಬಟ್ಟಲಲ್ಲಿ ಮೊಸರು ಹಾಕಿ ಕೊಟ್ಟಳು. ಲಗಮಪ್ಪ ಬೆರಳ ತುದಿಯಷ್ಟು ತೆಗೆದು ಬಾಯಿಗಿಟ್ಟ. ಬಟ್ಟಲನ್ನು ಕೆಳಗಿಟ್ಟ. ಇಪ್ಪತ್ತು ವರುಷದಲ್ಲಿ ಮೊದಲ ಸಲ, “ಇದಲ್ಲ,” ಎನ್ನಲಿಲ್ಲ.

“ಹುಳಿ ಆಗ್ಯೈತೇನಪ್ಪ?” ಎಂದಳು ಹುಲಿಗೆಮ್ಮ. “ಕಣ್ಣಾಗ ನೀರು ಬಂದಾವ.”

“ಇಲ್ಲ, ಯವ್ವಾ. ಸರಿ ಐತಿ.”

ಬಟ್ಟಲಿನಲ್ಲಿದ್ದುದನ್ನು ಅವನು ಉಣ್ಣಲಿಲ್ಲ. ಉಂಡರೆ ಮುಗಿಯುತ್ತದಲ್ಲ. ಇದನ್ನೇ ಒಯ್ಯುತ್ತೇನೆ ಎಂದ. ಹುಲಿಗೆಮ್ಮ ಅದನ್ನು ಒಂದು ಮಣ್ಣಿನ ಕುಡಿಕೆಗೆ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದಳು.

“ಬಿಸಲ ಭಾಳ ಐತಿ. ದಿನಾ ಸಂಜಿಗೆ ಯಾವ ಊರು ಬರತೈತೋ ಆ ಊರಾಗ ಗುಟುಕ ಹಾಲು ಬೇಡಿಕೋ. ಇದನ್ನ ಅದಕ್ಕ ಹಾಕು. ಮುಂಜಾನೆ ಒಂದ ಚಮಚ ನೀ ತಗೋ, ಉಳಿದದ್ದು ಹಾಲು ಕೊಟ್ಟೋರಿಗೆ ಬಿಡು. ಹಿಂಗ ಹೋದರ ನಿಮ್ಮೂರ ಮುಟ್ಟತೈತಿ.”

ಲಗಮಪ್ಪ ತಲೆಯಾಡಿಸಿದ. ಕುಡಿಕೆಯನ್ನು ಎದೆಗೆ ಅವಚಿಕೊಂಡು ಹರಿಗೋಲಿನಲ್ಲಿ ಕೂತ. ದಂಡೆ ಹತ್ತಿದವನು ಹಿಂತಿರುಗಿ ನೋಡಲಿಲ್ಲ.

ಮೊದಲ ಸಂಜೆ ಒಬ್ಬ ರೈತ ಅವನಿಗೆ ಹಾಲು ಕೊಡಲು ಬಂದ. ಆಕಳ ಹಾಲು. ಲಗಮಪ್ಪ ಬೇಡ ಎಂದ. ಅಕ್ಕ ಆಕಳ ಹಾಲಿಗೆ ಎಂದೂ ಹೆಪ್ಪು ಹಾಕಿದವಳಲ್ಲ. ಎರಡನೆಯ ಸಂಜೆ ಎಮ್ಮೆಯ ಹಾಲೇ ಸಿಕ್ಕಿತು. ಲೋಟ ಕೈಯಲ್ಲಿ ಹಿಡಿದು ಯೋಚನೆ ಮಾಡಿದ. ಇವತ್ತು ಈ ಊರಿನ ಹಾಲು ಬೆರೆಸಿದರೆ ನಾಳೆಗೆ ಇದು ಅರ್ಧ ಈ ಊರಿನದಾಗುತ್ತದೆ. ನಾಳೆ ಮತ್ತೊಂದು ಊರು, ನಾಡಿದ್ದು ಇನ್ನೊಂದು. ಮನೆ ಮುಟ್ಟುವ ಹೊತ್ತಿಗೆ ಇದರಲ್ಲಿ ಅಕ್ಕನದು ಏನು ಉಳಿದೀತು? ಆ ಹಾಲನ್ನು ತಾನು ಕುಡಿದ. ಕುಡಿಕೆಯ ಬಟ್ಟೆಯನ್ನು ಹೊಳೆಯ ನೀರಲ್ಲಿ ಅದ್ದಿ ಮತ್ತೆ ಬಿಗಿದ. ಆ ಎರಡು ದಿನ ಹಾದಿಯುದ್ದಕ್ಕೂ ನೆರಳು ಹುಡುಕಿಕೊಂಡು ನಡೆದ. ನೆರಳಿಲ್ಲದ ಕಡೆ ತನ್ನ ತಲೆಯ ರುಮಾಲು ತೆಗೆದು ಕುಡಿಕೆಯ ಮೇಲೆ ಹೊದಿಸಿದ. ಕೂಸನ್ನು ಹೊತ್ತವರೂ ಅಷ್ಟು ಜೋಪಾನವಾಗಿ ನಡೆಯುವುದಿಲ್ಲ.

ಮೂರನೆಯ ದಿನ ಹುಸೇನಬಿ ಬಾಗಿಲಲ್ಲೇ ಕೂತಿದ್ದಳು. ಕುಡಿಕೆ ಕಂಡದ್ದೇ ಮೊಣಕಾಲು ಹಿಡಿದುಕೊಂಡು ಎದ್ದಳು. ಒಳಗೆ ಹೋಗಿ ಕಾಸಿದ ಹಾಲಿನ ಪಾತ್ರೆ ತಂದಿಟ್ಟಳು.

“ಹಾಕು, ಭಾಯಿ. ಉಗುರಬೆಚ್ಚಗ ಐತಿ.”

ಲಗಮಪ್ಪ ಕುಡಿಕೆಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿದ. “ಸ್ವಲ್ಪ ಐತಿ, ಹುಸೇನಬಿ.”

“ಹೆಪ್ಪಿಗೆ ಸ್ವಲ್ಪನ ಬೇಕು. ನಾ ಏನ ಕಡಗೋಲು ಹಿಡಕೊಂಡು ಕೂತೀನೇನು?”

“ಊರು ಮುಟ್ಟಲಿ. ಅಲ್ಲಿ ಗಡಿಗಿ ತುಂಬ ಮಾಡಿ, ನಾನ ತಂದು ಕೊಡ್ತೀನಿ.”

ಹುಸೇನಬಿ ಅವನ ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ. ಪಾತ್ರೆಗೆ ಮುಚ್ಚಳ ಮುಚ್ಚಿದಳು. “ನಿಮ್ಮಕ್ಕನೂ ಹಿಂಗ ಅಂದಿದ್ದರ ನೀ ಯಾವ ದಂಡಿಗೆ ಹೋಗಿ ಹುಡುಕ್ತಿದ್ದಿ?” ಎಂದು ಒಳಗೆ ಹೋದಳು.

ಆ ಮಾತು ಅವನ ಬೆನ್ನಿಗೆ ಹತ್ತಿತು. ಎರಡು ಸಲ ನಿಂತ. ಹಿಂದಕ್ಕೆ ಹೋಗಿ ಒಂದು ಚಮಚ ಹಾಕಿ ಬರಲೇ ಎಂದುಕೊಂಡ. ಬಟ್ಟೆ ಬಿಚ್ಚಿದರೆ ಗಾಳಿ ತಾಗುತ್ತದೆ, ಗಾಳಿ ತಾಗಿದರೆ ಕೆಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ನಡೆದ.

ಐದನೆಯ ದಿನ ವಾಸನೆ ಬಂತು. ಮೊದಲು ಅದು ಹಾದಿಯ ವಾಸನೆ ಎಂದುಕೊಂಡ. ಆಮೇಲೆ ಮರದ ಬುಡದಲ್ಲಿ ಕೂತು ಬಟ್ಟೆ ಬಿಚ್ಚಿದ. ಮೊಸರಿನ ಮೇಲೆ ಹಸಿರು ಬೂಷ್ಟು ಹಿಡಿದಿತ್ತು. ಕುರಿ ಕಾಯುವವರ ಮನೆಗೆ ಓಡಿ ಹಾಲು ಬೇಡಿದ. ಯಾವ ಹಾಲು ಎಂದು ಕೇಳಲಿಲ್ಲ. ಬೂಷ್ಟು ತೆಗೆದು, ತಳದಲ್ಲಿದ್ದುದನ್ನು ಆ ಹಾಲಿಗೆ ಹಾಕಿ, ಪಕ್ಕದಲ್ಲೇ ಮಲಗಿದ. ಬೆಳಿಗ್ಗೆ ನೀರು ಬೇರೆ, ಗಂಟು ಬೇರೆ ಆಗಿತ್ತು. ಹಾಲು ಕೊಟ್ಟ ಮುದುಕ ಮೂಗು ಮುಚ್ಚಿಕೊಂಡು, “ನಾಯೀನೂ ಮುಟ್ಟಂಗಿಲ್ಲ,” ಎಂದ.

ಊರು ಇನ್ನು ಎರಡು ದಿನದ ಹಾದಿ. ಲಗಮಪ್ಪ ಊರ ಕಡೆ ನೋಡಿದ. ಹೋದರೆ ಅಲ್ಲಿ ಎರಡು ಗೋಡೆ. ಹುಲಿಗೆಮ್ಮನ ನೆಲುವಿನಲ್ಲಿ ಗಡಿಗೆ ಇದೆಯಲ್ಲ, ಈ ಸಲ ಅವಳು ಹೇಳಿದ ಹಾಗೇ ಮಾಡುತ್ತೇನೆ ಎಂದುಕೊಂಡು ಹಿಂದಕ್ಕೆ ಹೊರಟ. ಹುಸೇನಬಿಯ ಊರು ಬಂದಾಗ ಆಚೆ ದಂಡೆಗೆ ದಾಟಿ, ಮುಖ ತೋರಿಸದೆ ಹೋದ. ಕುಡಿಕೆ ಖಾಲಿಯಾಗಿತ್ತು. ಆದರೂ ಅದನ್ನು ಎದೆಗೇ ಅವಚಿಕೊಂಡಿದ್ದ.

ನಡುಗಡ್ಡೆಯ ಎದುರು ನಿಂತು ಕೂಗಿದ. ಹುಲಿಗೆಮ್ಮ ಹರಿಗೋಲು ತಂದು ಅವನನ್ನು ಹತ್ತಿಸಿಕೊಂಡಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ.

“ಬಂದಿಯಾ,” ಎಂದಳು. “ನೀ ಹೋದ ಮರುದಿನ ನಮ್ಮ ಮುದುಕ ಹೋದ. ದಂಡಿಯವರು ನಾಕ ಮಂದಿ ಬಂದು ಮಣ್ಣು ಮಾಡಿದರು. ಇವತ್ತ ಸೂತಕ ಕಳೀತು. ಒಲಿ ಹಚ್ಚೀನಿ, ಹಾಲು ಕಾಸೀನಿ. ಹೆಪ್ಪು ಯಾರಿಗೆ ಕೊಟ್ಟೀನಿ ಅಂತ ಕೂತು ಯೋಚನಿ ಮಾಡಿದೆ. ಹೊಳಿ ದಾಟಿ ಬಂದು ಹೆಪ್ಪು ಕೇಳೋರು ಯಾರಪ್ಪ? ನೀ ಒಬ್ಬನ. ನೀ ಊರ ಮುಟ್ಟಿದಿ ಅಂದುಕೊಂಡಿದ್ದೆ. ದೇವರ ಕಳಿಸಿದಂಗ ಬಂದಿ.” ಕೈ ಚಾಚಿದಳು. “ತಾ.”

ಗಡಿಗೆಯನ್ನು ಅವಳೂ ಚೆಲ್ಲಿದ್ದಾಳೆ ಎಂಬುದು ಅವನಿಗೆ ಆಗ ಹೊಳೆಯಿತು.

ಅವನು ಕುಡಿಕೆ ಕೊಟ್ಟ. ಅವಳು ಬಟ್ಟೆ ಬಿಚ್ಚಿ, ಮೂಸಿ, ಒಳಗೆ ನೋಡಿ, ಮತ್ತೆ ಬಟ್ಟೆ ಕಟ್ಟಿದಳು. ಹರಿಗೋಲು ನೀರಿನಲ್ಲಿ ಒಂದು ಸುತ್ತು ತಿರುಗಿತು.

“ಹಾಲು ಬೆರಸಲಿಲ್ಲ?”

“ಬೆರಸಿದರ ಅದು ಬ್ಯಾರೆ ಆಗತಿತ್ತು, ಯವ್ವಾ.”

“ಬ್ಯಾರೆ ಆಗದಿದ್ದರ ಹಾಲು ಮೊಸರು ಹೆಂಗ ಆಗಬೇಕು, ಮಗಾ?”

ಲಗಮಪ್ಪ ಹರಿಗೋಲಿನ ಅಂಚು ಹಿಡಿದು ಅತ್ತ. ಅಕ್ಕ ಸತ್ತ ಸುದ್ದಿ ಕೇಳಿದ ದಿನ ಅವನು ಅತ್ತಿರಲಿಲ್ಲ. ಗಂಗವ್ವನ ಕೈಯಿಂದ ಚೆಲ್ಲಿದ್ದು ಒಂದು ಗಡಿಗೆ, ಅಷ್ಟೇ. ಹೊಳೆಗುಂಟ ಇಳಿದು ಬಂದು ಉಳಿದಿದ್ದ ಅಕ್ಕನನ್ನು ತಾನೇ ಕೈಯಾರೆ ಕೊಂದಂತೆ ಅವನಿಗೆ ಅನ್ನಿಸಿತು. ಹುಲಿಗೆಮ್ಮ ಅವನನ್ನು ತಡೆಯಲಿಲ್ಲ. ಅಳುವುದಕ್ಕೆ ಅವಳಿಗೂ ಕಾರಣ ಇತ್ತು. ಆದರೆ ಅವಳ ಹಾಲು ಆರುತ್ತಿತ್ತು.

“ಸಾಕು, ಏಳು,” ಎಂದಳು. ಹರಿಗೋಲನ್ನು ತಿರುಗಿಸಿ ದಂಡೆಗೆ ಹಚ್ಚಿದಳು. “ಊರಾಗ ಹೋಗಿ ಯಾರ ಮನ್ಯಾಗರೆ ಹೆಪ್ಪು ಕೇಳಿ ತಾ.”

“ಯಾರದರೆ ಹಾಕಿದರ ನಡೀತೈತೇನು? ನೀ ಕೊಟ್ಟ ಮನೀದು ಆಗಬೇಕಲ್ಲ?”

“ನಿನಗ ಕೊಟ್ಟೀನಿ. ನೀ ಏನು ತಂದರೂ ಅದು ನಾ ಕೊಟ್ಟ ಮನೀದ. ಹೋಗು, ದೀಪ ಹಚ್ಚೋದರಾಗ ಬಾ.”

ಲಗಮಪ್ಪ ಕುಡಿಕೆಯನ್ನು ಹೊಳೆಯ ಮರಳಿನಿಂದ ತಿಕ್ಕಿ ತೊಳೆದ. ಅದನ್ನು ಹಿಡಿದು ಊರೊಳಗೆ ಹೋದ. ಮೊದಲ ಮನೆಯವರಿಗೆ ಎಮ್ಮೆ ಇರಲಿಲ್ಲ. ಎರಡನೆಯ ಮನೆಯವಳು ಆಗಲೇ ದೀಪ ಹಚ್ಚಿದ್ದಳು. “ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಹೋಗಂಗಿಲ್ಲ. ನಿಮ್ಮ ಮನ್ಯಾಗ ಹೇಳಿಕೊಟ್ಟೋರು ಯಾರೂ ಇಲ್ಲೇನು?” ಎಂದಳು. ಇದ್ದಳು ಎಂದುಕೊಂಡು ಅವನು ಮುಂದಿನ ಮನೆಗೆ ನಡೆದ.

ಮೂರನೆಯ ಮನೆಯವಳು ಯಾರು, ಎಲ್ಲಿಯವನು ಎಂದು ಕೇಳಲಿಲ್ಲ. ಕುಡಿಕೆ ಇಸಿದುಕೊಂಡು ಒಳಗೆ ಹೋದಳು. ಒಂದು ಚಮಚ ಸಾಕು ಎಂದರೂ ಮೂರು ಹಾಕಿದಳು.

“ಇದು ಎಲ್ಲೀ ಹೆಪ್ಪು, ಯಕ್ಕಾ?” ಎಂದು ಅವನು ಕೇಳಿದ.

“ನಮ್ಮತ್ತಿ ಇದ್ದಾಗಿಂದ ಐತಿ. ಆಕೀ ಯಾರ ಹತ್ರ ತಂದಿದ್ದಳೋ. ಯಾಕ?”

“ಸುಮ್ಮನ,” ಎಂದ.

ಹುಲಿಗೆಮ್ಮ ಹಾಲನ್ನು ಮತ್ತೆ ಬೆಚ್ಚಗೆ ಮಾಡಿ ಹೆಪ್ಪು ಹಾಕಿದಳು. ಬೆಳಿಗ್ಗೆ ರೊಟ್ಟಿ ಬಡಿದಳು. ಪುಂಡಿಸೊಪ್ಪಿನ ಪಲ್ಯ ಹಾಕಿ, ಪಕ್ಕಕ್ಕೆ ಮೊಸರು ಹಾಕಿ, ತಾಟನ್ನು ಅವನ ಮುಂದಿಟ್ಟಳು. ಲಗಮಪ್ಪ ಈ ಸಲ ಬೆರಳಿನಿಂದ ನೆಕ್ಕಲಿಲ್ಲ. ರೊಟ್ಟಿ ಮುರಿದು, ಅದ್ದಿ, ಉಂಡ. ಒಂದು ತುತ್ತಿಗೆ, ಇದಲ್ಲ ಅನ್ನಿಸಿತು. ಇನ್ನೊಂದು ತುತ್ತಿಗೆ, ಹೌದು, ಇದೇ ಅನ್ನಿಸಿತು. ಮತ್ತೊಂದು ತುತ್ತಿಗೆ ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಿತು. ಈ ಸೀಮೆಯಲ್ಲಿ ಅಷ್ಟು ದಿನ ತಿರುಗಿದರೂ ಅದರ ರುಚಿ ಅವನಿಗೆ ಗೊತ್ತೇ ಆಗಿರಲಿಲ್ಲ. ಅಕ್ಕನ ಮೊಸರು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಬಾಯಲ್ಲಿ ಇದ್ದದ್ದು ಇದೊಂದೇ.

“ಹೆಂಗೈತಿ?” ಎಂದಳು ಹುಲಿಗೆಮ್ಮ.

ಲಗಮಪ್ಪ ತಾಟನ್ನು ಮುಂದಕ್ಕೆ ಸರಿಸಿದ. “ಇನ್ನ ಚೂರು ಹಾಕು, ಯವ್ವಾ,” ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು. ಶಿಷ್ಯ ಕಾದ.

“ಗುರುಗಳೇ, ಆ ಮೂರನೆಯ ಮನೆಯ ಮೊಸರು ಬಾಳವ್ವನದೇ ಆಗಿತ್ತೇ?” ಎಂದು ಅವನು ಕೇಳಿದ.

“ಇವತ್ತು ಮಧ್ಯಾಹ್ನ ನೀನು ಉಂಡೆಯಲ್ಲ,” ಎಂದರು ಗುರುಗಳು, “ಆ ಮೊಸರು ಯಾರ ಮನೆಯ ಹೆಪ್ಪಿನದು ಎಂದು ಕೇಳಿದ್ದೆಯಾ?”